ಎಷ್ಟು ರಾತ್ರಿ ಇರುತ್ತೀರಿ?

ಕುದೇರನ್ನು ನೋಡಲು ಯಾರೂ ಬರುವುದಿಲ್ಲ. ಚಾಮರಾಜನಗರ ತಾಲ್ಲೂಕಿನಲ್ಲಿ, ಸಂತೇಮರಹಳ್ಳಿ ಕಡೆಗಿರುವ ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿದ್ದರೆ ಅದು ಹಾಲಿನಿಂದ. ಜಿಲ್ಲೆಯ ಹಾಲು ಒಕ್ಕೂಟ ಚಾಮುಲ್‌ನ ಡೇರಿ ಇರುವುದು ಇಲ್ಲೇ. ಉಳಿದಂತೆ ಗದ್ದೆ, ಹೊಲ, ಟೀ ಅಂಗಡಿ, ಬಸ್ಸಿಗೆ ಕಾಯುವ ಜನ. ಬೆಟ್ಟ ನೋಡಲು ಹೊರಟವರ ಕಾರುಗಳು ಈ ಸೀಮೆಯ ರಸ್ತೆಗಳಲ್ಲಿ ಹಾದು ಹೋಗುತ್ತವೆ, ನಿಲ್ಲುವುದಿಲ್ಲ.

ಜಿಲ್ಲೆಯ ಮಾತೂ ಸ್ವಲ್ಪ ಹೀಗೆಯೇ. 1997ರಲ್ಲಿ ಮೈಸೂರಿನಿಂದ ಬೇರೆಯಾಗುವ ತನಕ ನಾವು ಮೈಸೂರಿನ ಬಾಲ. ಮೈಸೂರಿನಿಂದ ಹೊರಟ ರೈಲು ಹಳಿ ಚಾಮರಾಜನಗರಕ್ಕೆ ಬಂದು ಮುಗಿಯುತ್ತದೆ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ಬಹಳ ವರ್ಷ ಚಾಲ್ತಿಯಲ್ಲಿತ್ತು. ಅದಕ್ಕೆ ಹೆದರಿ ಎಷ್ಟೋ ಜನ ಈ ಕಡೆ ತಲೆ ಹಾಕಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ಆಮೇಲೆ ಆ ಮಾತಿನ ಸದ್ದು ಕಮ್ಮಿಯಾಯಿತು. ಆದರೆ 'ಬರಬಾರದ ಊರು' ಅನ್ನಿಸಿಕೊಂಡು ಬೆಳೆದವರ ಮನಸ್ಸಿನಲ್ಲಿ ಏನೋ ಒಂದು ಉಳಿದುಬಿಡುತ್ತದೆ. ಯಾರಾದರೂ ಬರುತ್ತೇನೆ ಎಂದರೆ ನಮಗೆ ಖುಷಿಗಿಂತ ಮೊದಲು ಗಾಬರಿಯಾಗುತ್ತದೆ. ಬಂದವರಿಗೆ ತೋರಿಸುವುದೇನು?

ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಗೆಳತಿ ವಿಯೆಟ್ನಾಂನ ಹೋಯಿ ಆನ್ ನಗರದವಳು. ಅವಳದು ಭಾಷಾಶಾಸ್ತ್ರದಲ್ಲಿ ಸಂಶೋಧನೆ, ನನ್ನದು ಜಾನಪದದಲ್ಲಿ. ಹೋದ ಆಷಾಢದಲ್ಲಿ ಅವಳು ನಿಮ್ಮೂರ ಕಡೆ ಮೂರು ದಿನ ಬರುತ್ತೇನೆ, ಏನೇನು ನೋಡಬೇಕೋ ಪಟ್ಟಿ ಮಾಡು ಎಂದಳು. ನಾನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟೆ. ಬಂಡೀಪುರ: 1973ರಲ್ಲಿ ಹುಲಿ ಯೋಜನೆ ಶುರುವಾದಾಗಲೇ ಸೇರಿದ ಕಾಡು. ಹಿಮವದ್ ಗೋಪಾಲಸ್ವಾಮಿ ಬೆಟ್ಟ: 1454 ಮೀಟರ್ ಎತ್ತರ, ಸ್ವಂತ ಗಾಡಿಗಳನ್ನು ಕೆಳಗೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹತ್ತಬೇಕು. ಬಿಳಿಗಿರಿರಂಗನ ಬೆಟ್ಟ. ಮಲೆ ಮಹದೇಶ್ವರ ಬೆಟ್ಟ: 2023ರಲ್ಲಿ ಅನಾವರಣಗೊಂಡ 108 ಅಡಿಯ ಮಾದಪ್ಪನ ಪ್ರತಿಮೆಯೂ ಅಲ್ಲೇ. ಚಾಮರಾಜೇಶ್ವರ ದೇವಸ್ಥಾನ: ಅರಿಕುಠಾರವೆಂಬ ಊರಿನಲ್ಲಿ ಹುಟ್ಟಿದ ತಂದೆಯ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿನ ಹೆಸರನ್ನೇ ಬದಲಿಸಿ, 1826ರಲ್ಲಿ ಕಟ್ಟಿಸಿದ್ದು. ಪ್ರತಿಯೊಂದರ ಮುಂದೆ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಬೇಕು ಅಂತಲೂ ಬರೆದಿದ್ದೆ.

ಪಟ್ಟಿಯನ್ನು ಪೂರ್ತಿ ಓದಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲ ಸಂಜೆ ಆರಕ್ಕೆ ಮುಗಿಯುತ್ತಲ್ಲ. ರಾತ್ರಿ ನಿಮ್ಮೂರಲ್ಲಿ ಏನು ನಡೆಯುತ್ತೆ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಹೋಯಿ ಆನ್ ಹೆಸರು ಈಗ ನಮ್ಮಲ್ಲೂ ಎಷ್ಟೋ ಜನರಿಗೆ ಗೊತ್ತು. ವಿಯೆಟ್ನಾಂಗೆ ಹೋಗಿಬಂದವರ ಫೋಟೋಗಳಲ್ಲಿ ಹೊಳೆಯ ಮೇಲೆ ಬಣ್ಣಬಣ್ಣದ ಲಾಂದ್ರ ತೂಗುತ್ತಿದ್ದರೆ ಅದು ಸಾಮಾನ್ಯವಾಗಿ ಅವಳ ಊರು. ಹದಿನೈದನೇ ಶತಮಾನದಿಂದ ಹತ್ತೊಂಬತ್ತನೆಯದರವರೆಗೆ ಅದು ದೊಡ್ಡ ವ್ಯಾಪಾರಿ ಬಂದರು. ಜಪಾನಿನವರು ಕಟ್ಟಿದ ಚಾವಣಿ ಸೇತುವೆ, ಚೀನೀ ವರ್ತಕರ ಸಭಾಭವನಗಳು, ಮರದ ಹಳೇ ಮನೆಗಳು ಇನ್ನೂ ನಿಂತಿವೆ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದೇ ವರ್ಷ ಪಟ್ಟಿಗೆ ಸೇರಿದ ಮಿ ಸನ್ ಕಣಿವೆಯ ಇಟ್ಟಿಗೆಯ ಶಿವಾಲಯಗಳು ಅಲ್ಲಿಂದ ಸುಮಾರು 40 ಕಿಲೋಮೀಟರ್. ಚಂಪಾ ಅರಸರು ಕಟ್ಟಿಸಿದ ಆ ಗುಡಿಗಳನ್ನು ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ದುರಸ್ತಿ ಮಾಡುವಾಗ 2020ರಲ್ಲಿ ಒಂದು ಏಕಶಿಲಾ ಶಿವಲಿಂಗ ಸಿಕ್ಕಿತ್ತು. ನನಗೆ ಅದು ಮಾತ್ರ ಗೊತ್ತಿತ್ತು. ಅವಳು ಹೇಳಿದ್ದು ಬೇರೆ ಸಂಗತಿಗಳನ್ನು.

ಚಾಂದ್ರಮಾನ ತಿಂಗಳ ಹದಿನಾಲ್ಕನೇ ರಾತ್ರಿ, ಅಂದರೆ ಹುಣ್ಣಿಮೆಯ ಹಿಂದಿನ ದಿನ, ಹಳೇ ಪೇಟೆಯ ಕರೆಂಟು ದೀಪ ಆರಿಸಿ ಲಾಂದ್ರ ಮಾತ್ರ ಉಳಿಸುತ್ತಾರಂತೆ. ಸಂಜೆ ಹೊತ್ತು 'ಬಾಯ್ ಚೋಯ್' ಎಂಬ ಹಾಡಿನ ಆಟ. ಕೂತವರ ಕೈಗೆ ಚೀಟಿ ಕೊಟ್ಟು, ಆಡಿಸುವವರು ಒಂದೊಂದು ಚೀಟಿಯ ಹೆಸರನ್ನು ಪದ ಕಟ್ಟಿ ಹಾಡುತ್ತಾರೆ. ನಿಮ್ಮ ಚೀಟಿ ಬಂದರೆ ನೀವು ಕೂಗಬೇಕು. ಮಧ್ಯ ವಿಯೆಟ್ನಾಂನ ಈ ಕಲೆ 2017ರಲ್ಲಿ ಯುನೆಸ್ಕೋದ ಮತ್ತೊಂದು ಪಟ್ಟಿಗೆ ಸೇರಿತು. ಹಳೇ ಪೇಟೆ ನೋಡಲು ಟಿಕೆಟ್ ಇದೆ, ಆ ದುಡ್ಡಿನಲ್ಲಿ ಹಳೇ ಮನೆಗಳ ರಿಪೇರಿಯೂ ನಡೆಯುತ್ತದೆ. ಅವಳ ಸೋದರತ್ತೆಯ ಮನೆ ಅಂಥ ಒಂದು ಮನೆ. "ಮುಂದಿನ ಪಡಸಾಲೆ ಬಂದವರಿಗೆ, ಹಿಂದಿನ ಕೋಣೆ ನಮಗೆ. ಮಧ್ಯ ಒಂದು ಪರದೆ. ಪರದೆ ಎಲ್ಲಿ ಹಾಕಬೇಕು ಅಂತ ಅತ್ತೆಯೇ ತೀರ್ಮಾನ ಮಾಡೋದು" ಎಂದಳು. ಹಾಗಂತ ಅಲ್ಲಿ ಎಲ್ಲ ಸುಖವಾಗಿದೆ ಎಂದೇನೂ ಅವಳು ಹೇಳಲಿಲ್ಲ. ಪೇಟೆಯ ಬಾಡಿಗೆ ತಡೆಯಲಾರದೆ ಅವಳ ಬಾಲ್ಯದ ಗೆಳತಿಯರ ಮನೆಯವರೆಲ್ಲ ಊರಾಚೆ ಹೋಗಿದ್ದಾರೆ.

ಆ ಪರದೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಪಟ್ಟಿಯಲ್ಲಿದ್ದದ್ದೆಲ್ಲ ನಿಂತ ಕಡೆ ನಿಂತಿರುವ ವಸ್ತುಗಳು: ಕಲ್ಲು, ಬೆಟ್ಟ, ಗೋಪುರ. ನಮ್ಮ ಸೀಮೆಯ ಜೀವ ಇರುವುದು ತಿಥಿಯಲ್ಲಿ. ಮಾದಪ್ಪನ ಬೆಟ್ಟಕ್ಕೆ ಯಾವ ದಿನ ಬೇಕಾದರೂ ಹೋಗಬಹುದು, ಆದರೆ ಅಮಾವಾಸ್ಯೆಯ ಹಿಂದಿನ ರಾತ್ರಿ ತಾಳಬೆಟ್ಟದಿಂದ ಬರಿಗಾಲಲ್ಲಿ ಹತ್ತುವವರ ಜೊತೆ 'ಉಘೇ ಉಘೇ' ಎನ್ನುತ್ತಾ ನಡೆದರೆ ಕಾಣುವ ಬೆಟ್ಟವೇ ಬೇರೆ. ಚಾಮರಾಜೇಶ್ವರನ ಗುಡಿ ವರ್ಷವಿಡೀ ಇರುತ್ತದೆ. ಅದರ ತೇರು ಎಳೆಯುವುದು ಆಷಾಢದಲ್ಲಿ. ಬೇರೆ ಊರುಗಳಲ್ಲಿ ಆಷಾಢಕ್ಕೆ ತೇರಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗಿರುವ ತಿಂಗಳು ಅದು. ತಿಂಗಳೆಲ್ಲ ಬೇರೆ ಬೇರೆ ಇರುವ ಜೋಡಿಗಳು ಆ ತೇರಿನ ನೆಪದಲ್ಲಿ ಒಂದು ದಿನ ಸೇರುತ್ತವೆ, ತೇರಿಗೆ ಹಣ್ಣು ಜವನ ಎಸೆಯುತ್ತವೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು, 2022ರಲ್ಲಿ ಹೊಸ ತೇರು ಬರುವ ತನಕ ಆ ಜಾತ್ರೆ ನಿಂತಿತ್ತು. ಅಷ್ಟೂ ವರ್ಷ ಕಲ್ಲಿನ ಗುಡಿ ಇದ್ದ ಹಾಗೇ ಇತ್ತು, ಪ್ರವಾಸಿ ಪಟ್ಟಿಯಲ್ಲೂ ಇತ್ತು. ನಮ್ಮ ಊರುಗಳ ಹೊಸ ಜೋಡಿಗಳಿಗೆ ಮಾತ್ರ ಏನು ಇರಲಿಲ್ಲ ಅಂತ ಗೊತ್ತಿತ್ತು.

ಹಾಗಾಗಿ ಹಳೇ ಪಟ್ಟಿ ಬಿಟ್ಟು ಹೊರಟೆವು. ಮೊದಲ ದಿನ ಗುಂಡ್ಲುಪೇಟೆ. ಮಳೆ ಸರಿಯಾಗಿ ಬಿದ್ದ ವರ್ಷ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಊಟಿ ರಸ್ತೆ, ಕೇರಳದ ರಸ್ತೆ ಎರಡರ ಪಕ್ಕದಲ್ಲೂ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಸೂರ್ಯಕಾಂತಿ ಎಣ್ಣೆಗೆ, ಚೆಂಡು ಹೂವು ಓಣಂ ಮಾರುಕಟ್ಟೆಗೆ ಮತ್ತು ಬಣ್ಣ ತೆಗೆಯುವ ಕಾರ್ಖಾನೆಗೆ. ಬೆಳೆದವರಿಗೆ ಅದು ಬೆಳೆ. ಕೇರಳದಿಂದ, ಬೆಂಗಳೂರಿಂದ ಬರುವವರಿಗೆ ಫೋಟೋದ ಹಿನ್ನೆಲೆ. ಹೊಲದ ಬದುವಿನಲ್ಲಿ ಛತ್ರಿ ಹಿಡಿದು ಕೂತಿದ್ದ ಹೆಂಗಸೊಬ್ಬರು ಒಳಗೆ ಹೋಗುವವರಿಂದ ತಲೆಗಿಷ್ಟು ಅಂತ ದುಡ್ಡು ಇಸಕೊಳ್ಳುತ್ತಿದ್ದರು. ಹೂವಿಗೂ ಕಾಸು ಕೇಳುತ್ತಾರಲ್ಲ ಅಂತ ಕಾರಿನವರೊಬ್ಬರು ಗೊಣಗಿದರು. ನಾನು ಆ ಅಕ್ಕನ ಪಕ್ಕ ಕೂತು ಮಾತಿಗೆಳೆದೆ.

"ಮೊದ್ಲು ಸುಮ್ಕ ಬುಡ್ತಿದ್ದೊ ಕನವ್ವ. ಕಾರು ನಿಲ್ಸಿ ಗಿಡ ತುಳ್ಕಂಡು ನುಗ್ತಿದ್ರು, ಹೂವ ಕಿತ್ಕಂಡು ಹೋಯ್ತಿದ್ರು. ಬೋದ್ರ ನಗ್ತಿದ್ರು. ದುಡ್ಡು ಅಂದ್ಮೇಲ ಬದೀಲೆ ನಡೀತಾರ. ಹೂವಿಂದು ಇನ್ನೊಂದ್ ತಿಂಗ್ಳು. ಆಮೇಲ ಈ ಹೊಲ ಅಂತ ಒಂದದ ಅಂತಾನೂ ಯಾರೂ ತಿರುಗಿ ನೋಡದಿಲ್ಲ."

ಅವರ ಮಾತನ್ನು ಗೆಳತಿಗೆ ಹೇಳಿದೆ. ಇದೂ ಪರದೆಯೇ ಅಲ್ಲವೇ ಎಂದಳು. ಮತ್ತೆ ಒಳಗೆ ಹೋಗಲಿಲ್ಲ. ದುಡ್ಡು ಕೊಟ್ಟು ಬದುವಿನ ಮೇಲೆ ಕೂತು ಅವರು ಕೊಟ್ಟ ಸುಟ್ಟ ಜೋಳ ತಿಂದೆವು.

ಎರಡನೇ ದಿನ ಬಿಳಿಗಿರಿರಂಗನ ಬೆಟ್ಟ. ಅಲ್ಲಿಗೆ ಬರುವವರು ಸಫಾರಿ ಜೀಪು, ಬೆಟ್ಟದ ತುದಿಯ ಗುಡಿ ಎರಡನ್ನೂ ಮುಗಿಸಿ ಇಳಿಯುತ್ತಾರೆ. ಆ ಬೆಟ್ಟದ ಸೋಲಿಗರಿಗೆ ರಂಗಪ್ಪ ದೇವರಷ್ಟೇ ಅಲ್ಲ, ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಬಾವ. ಕಾಡನ್ನು ಅವರು ಕುಲಕುಲಕ್ಕೆ ಸೇರಿದ 'ಯೆಲ್ಲೆ'ಗಳಾಗಿ ಗುರುತಿಸುತ್ತಾರೆ. ಯೆಲ್ಲೆ ಎಂದ ಮೇಲೆ ಅದರಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರಬೇಕು. ಭಾರ್ಗವಿ ಹೊಳೆಯ ದಂಡೆಯ ದೊಡ್ಡಸಂಪಿಗೆ ಮರ ಅವರಿಗೆ ದೇವರು. 1974ರಲ್ಲಿ ಕಾಡು ಅಭಯಾರಣ್ಯವಾದಾಗ ಅವರನ್ನು ಅಲ್ಲಲ್ಲಿ ಪೋಡುಗಳಲ್ಲಿ ಕೂಡಿಸಿದರು. ದೇವರ ಜಾಗಗಳು ಕಾಡಿನೊಳಗೇ ಉಳಿದವು. 2011ರ ಆರಂಭದಲ್ಲಿ ಅದೇ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕವು. ಹುಲಿ ಮೀಸಲಿನ ಒಳಗೆ ಹೀಗೆ ಹಕ್ಕು ಪಡೆದ ದೇಶದ ಮೊದಲ ಸಮುದಾಯಗಳಲ್ಲಿ ಅವರೂ ಸೇರಿದ್ದಾರೆ. ಸೋಲಿಗ ಹಿರಿಯರು ಕಾಡಿನಲ್ಲಿ ನಡೆದು ಒಂದೊಂದು ಜಾಗದ ಹೆಸರು ಹೇಳಿದ್ದನ್ನು ನಕ್ಷೆಯಲ್ಲಿ ಗುರುತಿಸುವ ಕೆಲಸ ಅದಕ್ಕಿಂತ ಮುಂಚೆಯೇ ನಡೆದಿತ್ತು. ಅದರಲ್ಲಿ ಆ ಸಮುದಾಯದಿಂದಲೇ ಬಂದ ಸಂಶೋಧಕ ಡಾ. ಸಿ. ಮಾದೇಗೌಡರ ಪಾಲು ದೊಡ್ಡದು.

ಪೋಡಿನ ಹಿರಿಯರೊಬ್ಬರು ನಮ್ಮನ್ನು ಕೂರಿಸಿ ನೆಲ್ಲಿಕಾಯಿ, ಜೇನಿನ ಮಾತಾಡಿದರು. ಕಲ್ಲುಗುಡಿಯನ್ನು ನೋಡಬಹುದಾ ಅಂತ ಗೆಳತಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅವರು ನಕ್ಕು, "ಅದು ನಮ್ಮ ಹಿರೀಕರು ಮಲ್ಗಿರಾ ಜಾಗ. ನೋಡಾ ಜಾಗ ಅಲ್ಲ" ಎಂದರು. ಅವಳು ತಕ್ಷಣ ಕೈಮುಗಿದಳು. ಪೂರ್ವಿಕರ ಪೀಠ ಪರದೆಯ ಹಿಂದೆ ಇರುವ ಮನೆಯಿಂದ ಬಂದವಳಿಗೆ ಅದನ್ನು ವಿವರಿಸುವ ಅಗತ್ಯ ಇರಲಿಲ್ಲ. ನಕ್ಷೆಯಲ್ಲಿ ಹೆಸರಿರುವ ಜಾಗವನ್ನೂ 'ಇದು ಬೇಡ' ಅನ್ನುವ ಅಧಿಕಾರ ಆ ಅಜ್ಜನ ಮಾತಿನಲ್ಲಿ ಎಷ್ಟು ಸಲೀಸಾಗಿ ಇತ್ತು ಎಂಬುದನ್ನೇ ನಾನು ಇಳಿಯುವ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಯಾಕೆಂದರೆ ಸಂಜೆಗೆ ನಾವು ಹೋಗಬೇಕಿದ್ದದ್ದು ನಮ್ಮ ಮನೆಗೆ.

ನನ್ನ ತಾತ ನೀಲಗಾರ. ಮಂಟೇಸ್ವಾಮಿಯ ಒಕ್ಕಲಾಗಿ ದೀಕ್ಷೆ ಪಡೆದು, ತಂಬೂರಿ ಗಗ್ಗರ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆ ಹಾಡುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಡಕ್ಕೆ, ತಾಳ, ಹಿಮ್ಮೇಳಕ್ಕೆ ಜೊತೆಗಾರರು ಬೇಕು. ಕತೆ ಒಂದು ರಾತ್ರಿಗೆ ಮುಗಿಯುವುದಲ್ಲ. ಅದನ್ನು ಸಾಲುಸಾಲಾಗಿ ಹಾಡುತ್ತಾರೆ. ಇದೇ ಹಾಡು ನನ್ನ ಸಂಶೋಧನೆಯ ವಿಷಯ. ವಿಶ್ವವಿದ್ಯಾಲಯದಲ್ಲಿ ಇದನ್ನು ಜಾನಪದ ಮಹಾಕಾವ್ಯ ಎನ್ನುತ್ತೇವೆ. ನಮ್ಮ ಅಪ್ಪನಿಗೆ ಇದು ಮನೆಮನೆ ಬಾಗಿಲಲ್ಲಿ ನಿಂತು ಪಡಿ ಬೇಡಿದ ಹಾಡು. ಚಿಕ್ಕಂದಿನಲ್ಲಿ ತಾತನ ಹಿಂದೆ ಜೋಳಿಗೆ ಹಿಡಿದು ಹೋಗುತ್ತಿದ್ದವನು ಅಪ್ಪ. ಕೆಲವು ಬೀದಿಗಳಲ್ಲಿ ಎಷ್ಟು ದೂರ ನಿಂತು ಜೋಳಿಗೆ ಒಡ್ಡಬೇಕು ಎಂಬ ಲೆಕ್ಕ ಅವನಿಗೆ ಇನ್ನೂ ನೆನಪಿದೆ. ಈಗ ಹಾಲಿನ ಲಾರಿ ಓಡಿಸುತ್ತಾನೆ. ತಂಬೂರಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ನೋವು ಇತ್ತೀಚಿನದು. ನಾನು ಪದವಿ ಓದುವಾಗ ಒಂದು ಊರಿನ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ತಾತನ ಮೇಳವನ್ನು ಕರೆದಿದ್ದರು. ಎರಡು ಸಿನಿಮಾ ನೃತ್ಯಗಳ ನಡುವೆ ಹತ್ತು ನಿಮಿಷ. ತಾತ ಗುರುವಿಗೆ ಪದ ಹೇಳಿ ಕತೆಗೆ ಬರುವ ಹೊತ್ತಿಗೆ ಮೈಕು ಆಫ್ ಆಯಿತು. ಶಾಲು ಹೊದಿಸಿ ಕಳಿಸಿದರು. ಕಂಸಾಳೆಯವರಿಗೂ ಇದೇ ಪಾಡು. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಹೊತ್ತ ದೇವರಗುಡ್ಡರ ಕೈಯ ಕಂಚಿನ ತಾಳ, ಮೆರವಣಿಗೆಗಳಲ್ಲಿ ಬೀಸು ಕಂಸಾಳೆಯ ಜಿಗಿತವಾಗಿ ಪ್ರಸಿದ್ಧವಾಯಿತು. ಜಿಗಿತ ಕಣ್ಣಿಗೆ ಕಾಣುತ್ತದೆ, ಚಿತ್ರಕ್ಕೆ ಚೆನ್ನ. ಅದರ ಜೊತೆಗಿದ್ದ ಕತೆಗೆ ಕೂತು ಕೇಳುವವರು ಬೇಕು.

ಗೆಳತಿ ತಾತನ ಹಾಡು ಕೇಳಬೇಕು ಎಂದಾಗ ಅಪ್ಪ ನನ್ನನ್ನು ಕೊಟ್ಟಿಗೆ ಕಡೆಗೆ ಕರೆದ. "ಬೇಡಾ ಕಾಲ ಮುಗೀಲಿ ಅಂತ ನಿನ್ನ ಓದ್ಸುದ್ದು. ನೀನೇ ಹೊರಗ್ಲೋರ ಕರ್ಕಂಬಂದು ನಮ್ಮಪ್ಪನ್ನ ಅವ್ರ ಮುಂದ ಕೂರುಸ್ತಿಯಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಶೋಧನೆಯ ಭಾಷೆಯಲ್ಲಿ ಇದಕ್ಕೆ ಬೇಕಾದಷ್ಟು ಉತ್ತರಗಳಿವೆ, ಆದರೆ ಕೊಟ್ಟಿಗೆ ಪಕ್ಕದಲ್ಲಿ ನಿಂತು ಅಪ್ಪನಿಗೆ ಹೇಳುವಂಥದ್ದು ಒಂದೂ ಇಲ್ಲ. ತಾತನನ್ನೇ ಕೇಳೋಣ ಎಂದೆ.

ತಾತ ಯೋಚನೆ ಮಾಡಲೇ ಇಲ್ಲ. ಷರತ್ತುಗಳನ್ನು ಹೇಳಿದ. "ಗಡಿಯಾರ ನೋಡ್ಕಂಡು ಹಾಡಕಾಗಲ್ಲ. ದೀಪ ಹಚ್ಬೇಕು, ಕಂಡಾಯ ಮಡಗಬೇಕು. ಕೂಸು ಮೊದ್ಲು ಉಣ್ಣಲಿ, ಬಂದೋಳು ಹಸ್ಕಂಡು ಕೂರ್ಬಾರ್ದು. ಫೋನ್ ಒಳಗ ಮಡಗ್ಲಿ. ನಿದ್ದ ಬಂದ್ರ ಅಲ್ಲೇ ಮಲಗ್ಲಿ, ಕತ ಅದರ ಪಾಡ್ಗ ನಡೀತದ." ಪಕ್ಕದ ಬೀದಿಯಿಂದ ಡಕ್ಕೆಯವರು, ತಾಳದವರು ಬಂದರು. ಅಕ್ಕಪಕ್ಕದ ಮನೆಯ ಹೆಂಗಸರು ಚಾಪೆ ಹಿಡಿದು ಬಂದರು. ಎಷ್ಟು ದಿನವಾಗಿತ್ತೋ ನಮ್ಮ ಬೀದಿಯಲ್ಲಿ ಕತೆಯಾಗಿ.

ತಾತ ಎತ್ತಿಕೊಂಡದ್ದು ಕಲ್ಯಾಣದ ಸಾಲು. ಮಂಟೇಸ್ವಾಮಿ ಬಸವಣ್ಣನ ಕಲ್ಯಾಣವನ್ನು ನೋಡಲು ಬರುತ್ತಾನೆ. ಶರಣರ ಪಟ್ಟಣ ಎಂಥದ್ದು ಎಂದು ಪರೀಕ್ಷೆ ಮಾಡಲು ಕುಷ್ಠ ಹತ್ತಿದ, ನಾತ ಹೊಡೆಯುವ ಮೈಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಒಳಗಿರುವ ಮಡಿವಂತರಿಗೆ ಅವನು ಯಾರೆಂದು ಗೊತ್ತಾಗುವುದಿಲ್ಲ. ಈ ಸಾಲನ್ನು ನಾನು ಮುದ್ರಣದಲ್ಲಿ ಎಷ್ಟು ಸಲ ಓದಿದ್ದೇನೋ, ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದೇನೆ. ಆ ರಾತ್ರಿ ಅದು ಬೇರೆ ಥರ ಕೇಳಿಸಿತು. ಊರಿಗೆ ಬಂದವನನ್ನು ಊರು ಹೇಗೆ ನೋಡುತ್ತದೆ, ಬಾಗಿಲಲ್ಲಿ ನಿಂತವನು ಊರನ್ನು ಹೇಗೆ ಅಳೆಯುತ್ತಾನೆ ಎಂಬ ಕತೆ ಅದು. ಅಪ್ಪನ ಜೋಳಿಗೆಯೂ ಅದರೊಳಗಿತ್ತು.

ಕನ್ನಡ ಅರ್ಧಂಬರ್ಧ ಬರುವ ಗೆಳತಿಗೆ ನಾನು ಆಗಾಗ ಪಿಸುಗುಟ್ಟಿ ಅರ್ಥ ಹೇಳುತ್ತಿದ್ದೆ. ಒಂದು ಹೊತ್ತಿನ ಮೇಲೆ ಸಾಕು ಎಂದು ಕೈ ತೋರಿಸಿದಳು. ಹಿಮ್ಮೇಳದವರು ಸೊಲ್ಲು ಎತ್ತುವಾಗ ಹೆಂಗಸರ ಜೊತೆ ಅವಳೂ ಬಾಯಿ ಹಾಕುತ್ತಿದ್ದಳು. ಎರಡೂವರೆ ಹೊತ್ತಿಗೆ, ಮಂಟೇಸ್ವಾಮಿ ಇನ್ನೂ ಬಾಗಿಲಲ್ಲೇ ಇರುವಾಗ, ತಾತ ತಂಬೂರಿ ಇಳಿಸಿದ. "ಮಿಕ್ಕುದ್ದು ಚಿಕ್ಕಲ್ಲೂರ್ಗ ಬಂದು ಕೇಳವ್ವ" ಎಂದ. ಕೊಳ್ಳೇಗಾಲದ ಆಚೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಇದೆ. ಪುಷ್ಯದ ಹುಣ್ಣಿಮೆಯಂದು ಚಂದ್ರಮಂಡಲ ಹೊತ್ತಿಸಿ ಐದು ದಿನದ ಜಾತ್ರೆ ಶುರುವಾಗುತ್ತದೆ. ನೀಲಗಾರರು ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ. ಹುಣ್ಣಿಮೆಯ ಆಸುಪಾಸು ಅಂದದ್ದೇ ಅವಳು ತನ್ನೂರಿನ ಹದಿನಾಲ್ಕನೇ ರಾತ್ರಿಯನ್ನು ನೆನಪಿಸಿಕೊಂಡು ಬೆರಳಲ್ಲಿ ಲೆಕ್ಕ ಹಾಕಿದಳು.

ಬೆಳಿಗ್ಗೆ ತಾತನಿಗೆ ಎಷ್ಟು ಕೊಡಬೇಕು ಎಂದು ನನ್ನನ್ನು ಕೇಳಿದಳು. ದುಡ್ಡು ಕೊಡುವುದರಲ್ಲಿ ತಪ್ಪೇನಿಲ್ಲ. ಸೂರ್ಯಕಾಂತಿ ಹೊಲದ ಅಕ್ಕನಿಗೂ ಕೊಟ್ಟಿದ್ದೆವಲ್ಲ. ಆದರೆ ಅವ್ವ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಎಲೆ ಅಡಿಕೆ ಇಟ್ಟು ಅವಳ ಕೈಗೆ ಕೊಟ್ಟಳು. ಅವಳು ಅದರ ಮೇಲೆ ತನ್ನ ಕಾಣಿಕೆಯನ್ನೂ ಇಟ್ಟಳು. ತಾತ ಜಗುಲಿಯ ಮೇಲೆ ಕೂತು, ಟವೆಲು ಹಾಸಿ, ಪಡಿ ತೆಗೆದುಕೊಂಡು ಹರಸಿದ. ತನ್ನ ಮನೆಯ ಜಗುಲಿ, ತಾನು ಹೇಳಿದ ಹೊತ್ತು, ತಾನು ಹೇಳಿದ ರೀತಿ. ಅಪ್ಪ ರಾತ್ರಿಯಿಡೀ ಹೊರಗೆ ಬಂದಿರಲಿಲ್ಲ. ಲಾರಿಗೆ ಹೊರಡುವ ಮುಂಚೆ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ನೋಡದೆ ಕೇಳಿದ. "ಕತ ಎಲ್ಗ ನಿಂತ್ತು?"

"ಕಲ್ಯಾಣದ ಬಾಗ್ಲಲ್ಲಿ."

"ಹೂಂ. ಮುಂದ್ಕ ನೀಲಮ್ಮ ಬತ್ತಾಳ" ಎಂದು ಹೇಳಿ ಹೊರಟ.

ನಮ್ಮ ಜಿಲ್ಲೆಗೆ ಪ್ರವಾಸಿಗರು ಇನ್ನೂ ಬರಲಿ, ರಸ್ತೆ, ಬಸ್ಸು, ಉಳಿಯಲು ಮನೆಗಳು ಆಗಲಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಆ ಹೊತ್ತು ಕಾಡಿನ ಪ್ರಾಣಿಗಳದ್ದು ಎಂದು ಒಪ್ಪಿಕೊಂಡಿದ್ದೇವೆ. ಊರಿನ ಜನಕ್ಕೂ ಹಾಗೆ ತಮ್ಮದೇ ಹೊತ್ತು, ತಮ್ಮದೇ ಪರದೆ ಇರಬೇಕು. ಅದನ್ನು ಎಲ್ಲಿ ಹಾಕಬೇಕು, ಯಾವಾಗ ಸರಿಸಬೇಕು ಅಂತ ತೀರ್ಮಾನಿಸುವವರು ಹೊಲದ ಅಕ್ಕ, ಪೋಡಿನ ಅಜ್ಜ, ನನ್ನ ತಾತ ಆಗಿರಬೇಕು. ನಾನೀಗ ದೂರದ ಲೆಕ್ಕದ ಪಟ್ಟಿ ಮಾಡುವುದನ್ನು ಬಿಟ್ಟಿದ್ದೇನೆ. ನಿಮ್ಮ ಕಡೆ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ಮೊದಲು ತಿರುಗಿ ಕೇಳುತ್ತೇನೆ: ಯಾವ ತಿಂಗಳು ಬರುತ್ತೀರಿ, ಎಷ್ಟು ರಾತ್ರಿ ಇರುತ್ತೀರಿ?